ಸ್ತೋತ್ರದ ತಿಮ್ಮಣ್ಣ

ನನ್ನ ಹೆಸರು ತಿಮೊಥಿ. ಶಿಕಾರಿಪುರದಲ್ಲಿ ಈ ಹೆಸರನ್ನು ಪೂರ್ತಿಯಾಗಿ ಕರೆಯುವವರು ಇಬ್ಬರೇ: ಭಾನುವಾರ ಪಾದ್ರಿ ಅಯ್ಯನವರು, ವರ್ಷಕ್ಕೊಮ್ಮೆ ಮನೆಗಂದಾಯದವರು. ಉಳಿದ ಊರಿಗೆಲ್ಲ ನಾನು ತಿಮ್ಮಣ್ಣ. ತಿರುಪತಿಗೆ ಹೋಗಿ ಬಂದವರು, ನಿನ್ನ ಹೆಸರಿನ ದೇವರ ಪ್ರಸಾದ ತಗೋ ಎಂದು ನನಗೆ ತಪ್ಪದೆ ಲಡ್ಡು ತಂದುಕೊಡುತ್ತಾರೆ. ಅದು ನನ್ನ ಹೆಸರಲ್ಲ ಎಂದು ತಿಳಿಸಿ ಹೇಳಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಲಡ್ಡು ತಿಂದು ಮುಗಿಸಿದ ಮೇಲೆ.

ನನ್ನ ಅಪ್ಪ ಮಿಷನ್ ಶಾಲೆಯ ಮೇಷ್ಟ್ರು. ಮಗ ಉಪದೇಶಿಯಾಗಿ ಲೋಕಕ್ಕೆ ಬೆಳಕಾಗಬೇಕು ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದರು. ಹರಕೆ ಫಲಿಸಿತು. ನಾನು ಬೆಳಕನ್ನು ಬಾಡಿಗೆಗೆ ಕೊಡುವವನಾದೆ. ಮದುವೆಗೆ, ಮೆರವಣಿಗೆಗೆ, ಬಯಲಾಟಕ್ಕೆ ಯಾರು ಕೇಳಿದರೂ ಗ್ಯಾಸ್ ಲೈಟು ಹೊತ್ತುಕೊಂಡು ಹೋಗುವುದು, ಸೀಮೆಎಣ್ಣೆ ತುಂಬಿ ಪಂಪು ಹೊಡೆದು ಹಚ್ಚುವುದು, ಮುಗಿಯುವವರೆಗೆ ಅದರ ಬುಡದಲ್ಲಿ ತೂಕಡಿಸುವುದು. ಶಿರಾಳಕೊಪ್ಪದಲ್ಲಿ ಡೇರೆ ಹಾಕಿದ್ದ ನಾಟಕದ ಕಂಪನಿಯೊಂದು ಮುಳುಗಿದಾಗ ಅವರ ನಾಲ್ಕು ಲೈಟುಗಳನ್ನು ಕೊಂಡಿದ್ದೆ. ಮೂರು ಉರಿಯುತ್ತಿದ್ದವು. ನಾಲ್ಕನೆಯದು ಎಷ್ಟು ಪಂಪು ಹೊಡೆದರೂ ಒಮ್ಮೆ ದೊಡ್ಡದಾಗಿ ಉಸಿರೆಳೆದು ಸುಮ್ಮನಾಗುತ್ತಿತ್ತು. ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ಪರೀಕ್ಷೆಗೆ ಕೂತಾಗಲೆಲ್ಲ ನಾನೂ ಅಷ್ಟೇ ಮಾಡಿದ್ದೆ.

ಲೈಟುಗಳನ್ನು ಇಡಲು ಜಾಗ ಕೊಟ್ಟವನು ಬೆಲ್ಲದ ಮಂಡಿಯ ವೀರಬಸಪ್ಪ. ಅವನ ಅಂಗಡಿಗೂ ಪಕ್ಕದ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನಿಲ್ಲುವಷ್ಟು ಸಂದಿ ಇತ್ತು. ಅದಕ್ಕೊಂದು ತಗಡು ಹೊದಿಸಿ, "ತಗೋ ತಿಮ್ಮಣ್ಣ, ನಿನ್ನ ಅರಮನೆ" ಎಂದಿದ್ದ. ಅದಕ್ಕೆ ಬಾಡಿಗೆ ಎಂದರೆ ದಿನವೂ ಸಂಜೆ ಅವನ ಅಂಗಡಿಯ ತೊಲೆಗೆ ಒಂದು ಲೈಟು ಹಚ್ಚಿ ತೂಗುಹಾಕುವುದು, ಅಷ್ಟೇ. ಅವನು ಹಣೆಗೆ ವಿಭೂತಿ, ಕೊರಳಿಗೆ ಲಿಂಗ ಧರಿಸಿದ ಭಕ್ತ. ನಾನು ಭಾನುವಾರದ ಬಿಳಿ ಅಂಗಿಯವನು. ನಮ್ಮಿಬ್ಬರ ನಡುವೆ ಧರ್ಮದ ಚರ್ಚೆ ನಡೆಯುತ್ತಿರಲಿಲ್ಲ. ತಕ್ಕಡಿ ಸರಿಯಿದೆಯೇ, ಲೈಟು ಮಂಕಾಗಿದೆಯೇ ಎಂಬ ಜಗಳಕ್ಕೇ ಸಂಜೆ ಸಾಲುತ್ತಿರಲಿಲ್ಲ.

ವೀರಬಸಪ್ಪನ ಮಗಳು ನೀಲಾಂಬಿಕ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಜ್ಜಿ ಬಸಕ್ಕನಿಗೆ ಕಣ್ಣು ಮಂಜು. ಹೀಗಾಗಿ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದೆಲ್ಲ ನನ್ನ ಹೆಂಡತಿ ಕರುಣಮ್ಮ. ನಮಗೆ ಮಕ್ಕಳಾಗಲಿಲ್ಲ. ನೀಲಾ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಬೆಳೆದಳು. ನನ್ನನ್ನು ಮಾವ ಎಂದು ಕರೆಯುವುದು ಅವಳೊಬ್ಬಳೇ.

ಇನ್ನು ಸ್ತೋತ್ರದ ವಿಷಯಕ್ಕೆ ಬರಬೇಕು.

ಕರುಣಮ್ಮನ ತವರು ಸೊರಬ. ಅಲ್ಲಿ ವರ್ಷಕ್ಕೊಮ್ಮೆ ಸುತ್ತಲಿನ ನಮ್ಮವರೆಲ್ಲ ಸೇರುವ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಐವತ್ತೇಳನೆಯ ಇಸವಿಯ ಕೂಟಕ್ಕೆ ಬಯಲುಸೀಮೆಯಿಂದ ವಯಸ್ಸಾದ ಉಪದೇಶಿಯೊಬ್ಬರು ಬಂದಿದ್ದರು. "ಕಾರಣ ತಿಳಿದ ಮೇಲೆ ದೇವರಿಗೆ ಸ್ತೋತ್ರ ಹೇಳುವುದು ವ್ಯಾಪಾರ. ತಿಳಿಯುವ ಮೊದಲೇ ಹೇಳುವುದು ಭಕ್ತಿ" ಎಂದರು. ಮಾತು ನನ್ನ ಎದೆಗೆ ನಾಟಿತು. ಏನೇ ಬರಲಿ, ಬೇರೆ ಮಾತು ಆಡುವ ಮೊದಲು ದೇವರಿಗೆ ಸ್ತೋತ್ರ ಎನ್ನುವೆವೆಂದು ಯಾರು ಒಪ್ಪುತ್ತೀರಿ, ಕೈ ಎತ್ತಿ ಎಂದು ಅವರು ಕೇಳಿದಾಗ ನಾನು ಎತ್ತಿದೆ. ಸುತ್ತ ನೋಡಿದರೆ ಎತ್ತಿದವನು ನಾನೊಬ್ಬನೇ. ಇಳಿಸಲು ನಾಚಿಕೆಯಾಗಿ ಇನ್ನೊಂದು ಕೈಯನ್ನೂ ಎತ್ತಿದೆ.

ದಾರಿಯಲ್ಲಿ ಕರುಣಮ್ಮ, "ಕೈ ಎತ್ತೋ ಮೊದ್ಲು ಹೆಂಗಸ್ರ ಚಾಪೆ ಕಡೆ ಒಂದ್ಸಲ ತಿರುಗಿ ನೋಡ್ಬಾರ್ದಾ ಮಾರಾಯ್ರೆ?" ಎಂದಳು.

"ದೇವರ ಹತ್ರ ಕೊಡೋ ಮಾತಿಗೆ ಹೆಂಡ್ತಿ ಅಪ್ಪಣೆ ಬೇಕೇನೆ?"

"ಕೊಡೋರು ನೀವೊಬ್ರೇ. ಅನುಭವಿಸೋದು ಇಬ್ರೂ ಅಲ್ದಾ?"

ಅವತ್ತೇ ಶುರುವಾಯಿತು. ಕೂಟಕ್ಕೆ ಒಯ್ದು ಬಸ್ಸಿನ ಮೇಲೆ ಕಟ್ಟಿದ್ದ ಎರಡು ಲೈಟುಗಳಲ್ಲಿ ಒಂದರ ಗಾಜು ದಾರಿಯಲ್ಲಿ ಒಡೆಯಿತು. ಇಳಿಸಿಕೊಡುವಾಗ ಕಂಡಕ್ಟರು ಮುಖ ಸಣ್ಣದು ಮಾಡಿಕೊಂಡಿದ್ದ. ನಾನು ಒಡೆದ ಗಾಜನ್ನು ಕೈಗೆ ತೆಗೆದುಕೊಂಡು, "ದೇವರಿಗೆ ಸ್ತೋತ್ರ" ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿ, "ಇನ್ನೊಂದು ಐತೆ, ಅದನ್ನೂ ಒಡೀಲೇನ್ರಿ?" ಎಂದು ಕೇಳಿದ.

ಆಮೇಲೆ ಉಡುತಡಿಯಲ್ಲಿ ಗುರುಮಲ್ಲಪ್ಪನ ಮಗಳ ಮದುವೆ. ಬೀಗರ ದಿಬ್ಬಣ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ನನ್ನ ಮೂರೂ ಲೈಟು ಒಟ್ಟಿಗೆ ಆರಿದವು. ಸೀಮೆಎಣ್ಣೆಯಲ್ಲಿ ನೀರಿತ್ತು. ಕತ್ತಲೆಯಲ್ಲಿ ನನ್ನ ಧ್ವನಿಯೊಂದೇ ಕೇಳಿಸಿತು: "ದೇವರಿಗೆ ಸ್ತೋತ್ರ." ಗುರುಮಲ್ಲಪ್ಪ ನನ್ನ ಭುಜವನ್ನು ತಡವಿ ಹಿಡಿದು, "ನಿನ್ನ ದೇವ್ರಿಗೆ ಸ್ತೋತ್ರ, ನಮ್ಮ ಬೀಗರಿಗೆ ಕತ್ತಲೆ. ಚಲೋ ಹಂಚಿದೆ ಬಿಡು" ಎಂದ.

ಲೈಟಿನೊಳಗೆ ಬತ್ತಿಯ ಬದಲು ಕಟ್ಟುವ ಮ್ಯಾಂಟಲ್ ಬಲೆಗಳನ್ನು ಇಟ್ಟಿದ್ದ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿತು. ರೇಷ್ಮೆಯಂಥ ಬಲೆಯ ಮೇಲೆ ಅವು ರಾಜಕುಮಾರರಂತೆ ಮಲಗಿದ್ದವು. ಸ್ತೋತ್ರ. ಮುಖ್ಯ ಬೀದಿಯಲ್ಲಿ ಕರೆಂಟಿನ ಕಂಬ ನೆಡಲು ಗುಂಡಿ ತೋಡಿದರು. ನನ್ನ ಕಸುಬಿಗೆ ತೋಡಿದ ಆ ಗುಂಡಿಯಲ್ಲಿ ಮೊದಲು ಬಿದ್ದವನೂ ನಾನೇ. ಸ್ತೋತ್ರ. ಪ್ರಾರ್ಥನೆಗೆ ಹೋಗಿದ್ದಾಗ ಹೊರಗೆ ನಿಲ್ಲಿಸಿದ್ದ ಸೈಕಲ್ಲು ಕಳುವಾಯಿತು. ಸ್ತೋತ್ರ. ಮಾರನೆಯ ಬೆಳಿಗ್ಗೆ ಅದೇ ಗೋಡೆಗೆ ಒರಗಿ ನಿಂತಿತ್ತು. ಕಳ್ಳನೂ ಬೇಡವೆಂದು ತಂದಿಟ್ಟಿದ್ದ. ಆ ದಿನ ಸ್ತೋತ್ರ ಹೇಳುವುದು ಸ್ವಲ್ಪ ಕಷ್ಟವಾಯಿತು.

ಊರು ನನಗೆ ಸ್ತೋತ್ರದ ತಿಮ್ಮಣ್ಣ ಎಂದು ಹೆಸರಿಟ್ಟಿತು. ಬೀದಿಯಲ್ಲಿ ಯಾರ ಮಡಕೆ ಒಡೆದರೂ, "ತಿಮ್ಮಣ್ಣನ್ನ ಕರೀರಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಒಳಗೊಳಗೆ ಮಾತ್ರ, ದೀನತೆಯಲ್ಲಿ ಈ ತಾಲ್ಲೂಕಿಗೇ ನಾನು ಮೊದಲಿಗ ಎಂದು ಎದೆ ಉಬ್ಬುತ್ತಿತ್ತು.

ಒಮ್ಮೆ ಮಾತ್ರ ಬಾಯಿ ಬರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಅಂಚಿನ ಹಳ್ಳಿಗಳಲ್ಲಿ ಜನರಿಗೂ ಅದೇ ಜ್ವರ. ಅಲ್ಲೊಂದು ಮದುವೆಗೆ ಮೊದಲೇ ಲೈಟು ಹೇಳಿದ್ದರು. ಹೊತ್ತುಕೊಂಡು ಹೋದರೆ ಚಪ್ಪರದ ಎಲೆಯೆಲ್ಲ ಒಣಗಿ ಸುರುಟಿತ್ತು. ಜಗಲಿಯಲ್ಲಿ ಕೂತಿದ್ದ ಮುದುಕಿ, "ಮದಿಮಗನ ಅಣ್ಣ ಹೋಗ್ಬಿಟ್ಟ ಕಣಪ್ಪ. ದೀಪ ಬ್ಯಾಡ. ನೀನು ಇಲ್ಲಿ ನಿಲ್ಲಬ್ಯಾಡ, ಹೋಗು" ಎಂದಳು. ನನ್ನ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಸುಮ್ಮನೆ ಅವಳ ಪಕ್ಕದಲ್ಲಿ ಕೂತಿದ್ದು, ಬಸ್ಸಿನ ಹೊತ್ತಿಗೆ ಎದ್ದು ಬಂದೆ.

ದಾರಿಯುದ್ದಕ್ಕೂ ಅದನ್ನು ಸೋಲು ಎಂದುಕೊಂಡೆ. ಕೊಟ್ಟ ಮಾತಿಗೆ ತಪ್ಪಿದೆ, ನನ್ನ ಭಕ್ತಿ ಇನ್ನೂ ಗಟ್ಟಿಯಾಗಿಲ್ಲ ಎಂದುಕೊಂಡೆ. ಆ ವರ್ಷವೆಲ್ಲ ನನಗೆ ಬಂದದ್ದು ಅದೊಂದೇ ಬುದ್ಧಿ ಎಂದು ಹೇಳಿಕೊಡುವವರು ಯಾರೂ ಬಸ್ಸಿನಲ್ಲಿರಲಿಲ್ಲ. ಅವತ್ತಿನಿಂದ ನಾಲಗೆಯನ್ನು ಪಳಗಿಸತೊಡಗಿದೆ. ಯೋಚನೆ ಬರುವ ಮೊದಲೇ ಸ್ತೋತ್ರ ಹೊರಬೀಳಬೇಕು. ಎಮ್ಮೆ ಕೂಗಿದರೂ, ಬಾಗಿಲು ಬಡಿದರೂ ಸ್ತೋತ್ರ. ಕೆಲವೇ ತಿಂಗಳಲ್ಲಿ ನಾಲಗೆ ಎಷ್ಟು ಪಳಗಿತೆಂದರೆ ಅದಕ್ಕೆ ನನ್ನ ಅಗತ್ಯವೇ ಉಳಿಯಲಿಲ್ಲ.

ಐವತ್ತೆಂಟರ ದೀಪಾವಳಿ ಕಳೆದಿತ್ತು. ನೀಲಾಳಿಗೆ ಕುಪ್ಪಗಡ್ಡೆಯ ಕಡೆಯ ಒಂದು ಮನೆಗೆ ನಿಶ್ಚಯವಾಗಿ, ಮಾಘದಲ್ಲಿ ಮದುವೆ ಎಂದಾಗಿತ್ತು. ನಾಲ್ಕೂ ಲೈಟು ಉರಿಯಲೇಬೇಕೆಂದು ವೀರಬಸಪ್ಪ ನನಗೆ ತಾಕೀತು ಮಾಡಿದ್ದ. "ಮೂರು ಉರೀತಾವೆ ಸಾವ್ಕಾರ್ರೆ, ನಾಲ್ಕನೇದು ಪ್ರಾರ್ಥನೆ ಮಾಡ್ತದೆ" ಎಂದಿದ್ದೆ. "ನನ್ನ ಮಗಳ ಮದುವೇಲಿ ಪ್ರಾರ್ಥನೆ ಮಾಡೋಕೆ ಸ್ವಾಮಿಗಳು ಬರ್ತಾರೆ. ನೀನು ಬೆಳಕು ಕೊಡು" ಎಂದಿದ್ದ.

ಒಂದು ಸಂಜೆ ನಾನು ಸ್ಟೂಲಿನ ಮೇಲೆ ನಿಂತು ತೊಲೆಗೆ ಲೈಟು ಸಿಕ್ಕಿಸುತ್ತಿದ್ದೆ. ಸೊರಬದ ಬಸ್ಸು ಇಳಿದು ಪರಮಶಿವಪ್ಪ ಬಂದ. ಈ ಸಂಬಂಧ ಕೂಡಿಸಿದವನು ಅವನೇ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಒಳಬಾಗಿಲ ಹಿಂದೆ ನೀಲಾಳ ಬಳೆಯ ಸದ್ದು ಕೇಳಿಸುತ್ತಿತ್ತು.

"ಬಾ ಪರಮಶಿವಪ್ಪ, ಕೂತ್ಕೋ. ಏನಂದ್ರು? ಬಟ್ಟೆ ತೆಗೆಯೋಕೆ ಯಾವಾಗ ಬರ್ತಾರಂತೆ?"

ಪರಮಶಿವಪ್ಪ ಚಪ್ಪಲಿ ಬಿಡಲಿಲ್ಲ. "ಬರಲ್ವಂತೆ."

"ಈ ವಾರ ಆಗಲ್ವಾ?"

"ಬರೋದೇ ಇಲ್ಲಂತೆ ವೀರಬಸಪ್ಪ. ಹುಡುಗನಿಗೆ ಸೋದರಮಾವನ ಮಗಳನ್ನೇ ತರ್ಬೇಕು ಅಂತ ಹಿರೇರು ಹಟ ಹಿಡಿದವ್ರೆ. ಮುರ್ದು ಹೋಯ್ತು."

ತಕ್ಕಡಿಯ ತಟ್ಟೆ ಅಲುಗುವುದು ನಿಂತಿತು. ಬಳೆಯ ಸದ್ದು ನಿಂತಿತು. ಆ ನಿಶ್ಶಬ್ದದ ನಡುವೆ, ಸ್ಟೂಲಿನ ಮೇಲಿನ ಎತ್ತರದಿಂದ, ಭಾನುವಾರ ಚರ್ಚಿನ ಕೊನೆಯ ಸಾಲಿಗೂ ಕೇಳಿಸುವಂತೆ ಪಳಗಿಸಿದ ಧ್ವನಿಯಲ್ಲಿ ಒಂದು ಮಾತು ಬಿತ್ತು.

"ದೇವರಿಗೆ ಸ್ತೋತ್ರ."

ಯಾರು ಹಾಗೆಂದವರು ಎಂದು ನಾನೂ ಒಮ್ಮೆ ಸುತ್ತ ನೋಡಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಒಳಗೆ ಯಾರೋ ಓಡಿದ ಹೆಜ್ಜೆ, ದೂರದಲ್ಲೊಂದು ಬಾಗಿಲು ಮುಚ್ಚಿದ ಸದ್ದು.

"ಸಾವ್ಕಾರ್ರೆ, ಅದು..." ಎಂದೆ.

ವೀರಬಸಪ್ಪ ನನ್ನ ಕಡೆ ನೋಡಲಿಲ್ಲ. ಬೆಲ್ಲದ ಅಚ್ಚುಗಳನ್ನು ನೋಡುತ್ತ ಹೇಳಿದ: "ಲೈಟು ಇಳಿಸ್ಕೊಂಡು ಹೋಗು, ತಿಮೊಥಿ. ನಾಳೆಯಿಂದ ಬ್ಯಾಡ."

ನನ್ನ ಹೆಸರನ್ನು ಪೂರ್ತಿಯಾಗಿ ಕರೆಯುವವರು ಅವತ್ತಿಗೆ ಮೂವರಾದರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಕರುಣಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಪರವಾಗಿ ನಾನೇ ವಾದ ಶುರು ಮಾಡಿದೆ. "ಬೇಕೂಂತ ಅಂದದ್ದಲ್ಲ ಕಣೆ. ಅಭ್ಯಾಸ. ಯಾರಿಗೆ ಗೊತ್ತು, ಇದರಲ್ಲೂ ಏನೋ ಒಳ್ಳೇದು ಇರ್ಬಹುದು. ಆ ಹುಡುಗ ಕೆಟ್ಟವನೇ ಇರ್ಬಹುದು."

"ಕೆಟ್ಟವನಲ್ಲ. ನಮ್ಮ ತವರಿನವರಿಗೆಲ್ಲ ಗೊತ್ತಿರೋ ಹುಡುಗ. ಒಳ್ಳೆಯವನೇ."

"ಹಾಗಾದ್ರೆ..."

"ರೀ," ಎಂದಳು. ಧ್ವನಿ ಏರಿಸಲಿಲ್ಲ. "ನಮಗೆ ಮಕ್ಕಳಾಗಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ ದಿನ ನೆನಪದ್ಯಾ? ಅವತ್ತು ನೀವು ಸ್ತೋತ್ರ ಹೇಳ್ಲಿಲ್ಲ. ಮನೆ ಮುಟ್ಟೋವರೆಗೂ ನನ್ನ ಚೀಲ ನೀವು ಹಿಡ್ಕೊಂಡು ಸುಮ್ನೆ ನಡೆದ್ರಿ. ನಾನು ಅದನ್ನ ನೆನೆಸ್ಕೊಂಡೇ ಇಷ್ಟು ವರ್ಷ ದೇವರಿಗೆ ಸ್ತೋತ್ರ ಹೇಳ್ತಾ ಬಂದಿದೀನಿ. ನೀವು ಅವತ್ತು ಬಾಯಿ ತೆಗೆದಿದ್ರೆ ನಾನು ಅಲ್ಲಿಂದ್ಲೇ ಸೊರಬದ ಬಸ್ಸು ಹತ್ತಿರ್ತಿದ್ದೆ."

ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು.

ಮಾರನೆಯ ದಿನ ಕ್ಷಮೆ ಕೇಳಲು ಹೋದೆ. ಅಂಗಡಿಯಲ್ಲಿ ಜನ. ವೀರಬಸಪ್ಪ ತಕ್ಕಡಿ ಹಿಡಿದವನು, "ಏನು ಬೇಕಾಗಿತ್ತು?" ಎಂದ, ಪರಸ್ಥಳದವರನ್ನು ಕೇಳುವ ಹಾಗೆ. ಗಂಟಲಲ್ಲಿದ್ದ ಮಾತು ಜಾರಿ, "ಒಂದಿಷ್ಟು ಬೆಲ್ಲ" ಎಂದೆ. ತೂಗಿ ಕೊಟ್ಟ. ಮರುದಿನವೂ ಹೋದೆ. ಮತ್ತೆ ಬೆಲ್ಲ. ಮೂರನೆಯ ಸಲ ಧೈರ್ಯ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಅವನೇ ಪೊಟ್ಟಣ ಕಟ್ಟಿ ಮುಂದಿಟ್ಟ.

"ಕ್ಷಮೆ ಕೇಳೋಕೆ ಹೋಗಿ ಬೆಲ್ಲ ತರೋ ಗಂಡಸನ್ನ ಇದೇ ಮೊದ್ಲು ನೋಡಿದ್ದು. ಇರುವೆಗಳು ಮಾತ್ರ ನಿಮ್ಮನ್ನ ಕ್ಷಮಿಸ್ಯಾವೆ" ಎಂದಳು ಕರುಣಮ್ಮ.

ಸಂಜೆಗಳಲ್ಲಿ ವೀರಬಸಪ್ಪ ಅಂಗಡಿಯಲ್ಲಿ ಒಂದು ಲಾಂದ್ರ ಇಟ್ಟುಕೊಂಡು ಕೂರುತ್ತಿದ್ದ. ಅದರ ಬೆಳಕಿಗೆ ತಕ್ಕಡಿಯ ಮುಳ್ಳು ಕಾಣುತ್ತಿರಲಿಲ್ಲ. ಅವನು ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದ. ನನ್ನ ಲೈಟು ಗೋಡೆಯ ಈಚೆ ಸಂದಿಯಲ್ಲಿ ಖಾಲಿ ಕೂತಿರುತ್ತಿತ್ತು. ಸಂದಿಯನ್ನು ಬಿಡು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕರುಣಮ್ಮ ಹಿತ್ತಿಲ ಬಾಗಿಲಿನಿಂದ ಹೋಗಿ ನೀಲಾಳ ತಲೆಗೆ ಎಣ್ಣೆ ಹಚ್ಚಿ ಬಂದಳು. ಹುಡುಗಿ ಹೊರಗೆ ಬರುವುದನ್ನೇ ಬಿಟ್ಟಿದ್ದಳಂತೆ. ಜಗಲಿಗೂ ಇಲ್ಲ, ಬಾವಿಗೂ ಇಲ್ಲ. ಮೊಮ್ಮಗಳಿಗೆ ಯಾರದೋ ಕಣ್ಣು ತಾಗಿದೆ, ಬೂದುಗುಂಬಳ ನಿವಾಳಿಸಿ ಬಾಗಿಲಲ್ಲಿ ಒಡೆಯಿಸು ಎಂದು ಬಸಕ್ಕ ದಿನವೂ ಮಗನಿಗೆ ಹೇಳುತ್ತಿದ್ದಳು. ವೀರಬಸಪ್ಪ, "ಕಣ್ಣಲ್ಲ ಕಣವ್ವ, ಬಾಯಿ ತಾಗೈತೆ" ಎಂದು ಎದ್ದು ಹೋಗುತ್ತಿದ್ದನಂತೆ.

"ನೀಲಾ ಏನಂದ್ಲು?"

ಕರುಣಮ್ಮ ಎಣ್ಣೆಯ ಬಟ್ಟಲನ್ನು ಗೂಡಿನಲ್ಲಿಟ್ಟು, ಆ ಕಡೆಯೇ ನೋಡುತ್ತ ಹೇಳಿದಳು. "ಒಂದೇ ಮಾತು. 'ಮಾವನಿಗೆ ನಿಜವಾಗ್ಲೂ ಸಂತೋಷ ಆಯ್ತಾ ಅತ್ತೆ?' ಅಂದ್ಲು."

ಊರು ಏನೆಂದುಕೊಂಡರೂ ನಡೆದೀತು. ವೀರಬಸಪ್ಪ ಹತ್ತು ವರ್ಷ ಮಾತು ಬಿಟ್ಟರೂ ತಡೆದುಕೊಂಡೇನು. ಆದರೆ ಈ ಹುಡುಗಿ ತನ್ನ ದುಃಖದಲ್ಲಿ ನಾನು ಹಿಗ್ಗಿದೆನೆಂದು ನಂಬಿ ಬದುಕುವುದೆಂದರೆ? ಹೋಗಿ ಹೇಳೋಣವೆಂದರೆ ಅವಳು ಒಳಗೆ, ನಾನು ಹೊರಗೆ. ಕರುಣಮ್ಮನಿಂದ ಹೇಳಿಸಿದೆ. "ಹೂಂ" ಎಂದಳಂತೆ. ಆ ಹೂಂ ನಂಬಿಕೆಯದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಸ್ತೋತ್ರ ಬಿಟ್ಟೆ. ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ನಡೆದಾಡಿದೆ. ಮ್ಯಾಂಟಲ್ ಉದುರಿದರೂ ಸುಮ್ಮನೆ. ಸೀಮೆಎಣ್ಣೆಯ ಡಬ್ಬಿ ಸೋರಿ ಅಕ್ಕಿಯ ಮೇಲೆ ಬಿದ್ದರೂ ಸುಮ್ಮನೆ. ಊರಿನವರಿಗೆ ನಿರಾಸೆಯಾಯಿತು. ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರಿದಾಗ, ಬಾಯಿ ಮುಚ್ಚಿದ ಮೇಲೆ ಒಳಗೇನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದೆ. ನನ್ನ ನಾಲ್ಕನೆಯ ಲೈಟಿನದೇ ಕಥೆ. ಪಂಪು ಹೊಡೆದರೆ ಉಸಿರು ಬರುತ್ತಿತ್ತು, ಬೆಳಕಿಲ್ಲ. ಇಷ್ಟು ದಿನ ದೇವರಿಗೆ ಹೇಳಿದ್ದೋ, ಊರಿಗೆ ಕೇಳಿಸಿದ್ದೋ? ಉತ್ತರ ಗೊತ್ತಿದ್ದುದರಿಂದ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ. ಪ್ರಾರ್ಥನೆ ಉದ್ದವಾಯಿತು. ನಾನು ಆತ್ಮದಲ್ಲಿ ಬೆಳೆಯುತ್ತಿದ್ದೇನೆಂದು ಪಾದ್ರಿಗಳು ಸಂತೋಷಪಟ್ಟರು.

ಹೀಗಿರುವಾಗ ನಮ್ಮ ಸುಗ್ಗಿಯ ಹಬ್ಬ ಬಂತು. ಭತ್ತ ಕೊಯ್ದು ಒಕ್ಕಣೆ ಮುಗಿದ ಮೇಲೆ ಒಂದು ಭಾನುವಾರ ದೇವರಿಗೆ ಕೃತಜ್ಞತೆ ಹೇಳುವ ಹಬ್ಬ ಅದು. ಪ್ರತಿ ಮನೆಯವರೂ ಮೊದಲೇ ಏನಾದರೊಂದನ್ನು ದೇವರ ಪಾಲು ಎಂದು ಬೇರೆ ಇಟ್ಟಿರುತ್ತಾರೆ. ಒಬ್ಬರದು ಕೋಳಿ, ಒಬ್ಬರದು ಬಾಳೆಗೊನೆ. ಅದನ್ನು ತಲೆಯ ಮೇಲೆ ಹೊತ್ತು, ಪಾದ್ರಿಗಳ ಮನೆಯಿಂದ ಪೇಟೆ ಬೀದಿಯಲ್ಲಿ ಹಾಡುತ್ತ ಚರ್ಚಿಗೆ ಹೋಗುವುದು. ಆರಾಧನೆ ಮುಗಿದ ಮೇಲೆ ಹೊರಗೆ ಮರದ ಕೆಳಗೆ ಎಲ್ಲವನ್ನೂ ಹರಾಜು ಹಾಕುವುದು. ಹರಾಜಿಗೆ ಎಲ್ಲ ಜಾತಿಯವರೂ ಬರುತ್ತಾರೆ. ನಮ್ಮ ಮನೆಯ ಪಾಲು ಯಾವಾಗಲೂ ಕರುಣಮ್ಮ ಹೆಂಚಿನ ಮೇಲೆ ಬಳ್ಳಿ ಹಬ್ಬಿಸಿ ಬೆಳೆದ ಬೂದುಗುಂಬಳ. ಅದನ್ನು ಪ್ರತಿ ವರ್ಷ ಹರಾಜಿನಲ್ಲಿ ಹಿಡಿಯುತ್ತಿದ್ದವನು ವೀರಬಸಪ್ಪ. ಬಸಕ್ಕನ ಮಜ್ಜಿಗೆಹುಳಿಗೆ ಅದೇ ಆಗಬೇಕು. ಬೇರೆ ಯಾರೂ ಕೂಗದಿದ್ದರೆ ತನ್ನ ಕೂಗಿನ ಮೇಲೆ ತಾನೇ ಕೂಗಿ ಬೆಲೆ ಏರಿಸುತ್ತಿದ್ದ.

"ಈ ಸಲ ಅವ್ನು ಬರಲ್ಲ" ಎಂದೆ.

"ಕಾಯಿ ಅವರಿಗಲ್ಲ, ದೇವರಿಗೆ" ಎಂದಳು ಕರುಣಮ್ಮ. "ತಲೆ ಮೇಲೆ ಇಡ್ತೀನಿ. ಎರಡೂ ಕೈಲಿ ಹಿಡ್ಕೊಳಿ. ಆ ಕಡೆ ಈ ಕಡೆ ನೋಡ್ಬೇಡಿ."

ಆ ವರ್ಷದ್ದು ಬಲು ದೊಡ್ಡ ಕಾಯಿ. ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಬೆಳಗಿನ ಎಳೆ ಬಿಸಿಲಿನಲ್ಲಿ ಡೋಲಕ್ಕು, ತಾಳಗಳೊಂದಿಗೆ ನಾವು ಪೇಟೆ ಬೀದಿಗೆ ಬಂದೆವು. ಮುಂದೆ ಪಾದ್ರಿಗಳು, ಅವರ ಹಿಂದೆ ನಾನು. ಬೆಲ್ಲದ ಮಂಡಿ ಹತ್ತಿರ ಬರುತ್ತಿದ್ದಂತೆ ಕತ್ತನ್ನು ಗಟ್ಟಿ ಮಾಡಿಕೊಂಡೆ. ನೋಡಬಾರದು ಎಂದುಕೊಂಡೆ. ಆದರೆ ಹಾಡು ಕೇಳಿ ಬಸಕ್ಕ ಜಗಲಿಗೆ ಬಂದಿದ್ದಳು. ಅವಳನ್ನು ಕೈ ಹಿಡಿದು ಕರೆತಂದವಳು ನೀಲಾ. ಎಷ್ಟೋ ದಿನದ ಮೇಲೆ ಅವಳ ಮುಖ ಕಂಡಿತು. ಇಳಿದುಹೋಗಿತ್ತು. ನಾನು ತಿರುಗಿದೆ. ಕಾಯಿ ತಿರುಗಲಿಲ್ಲ.

ಅಂಗಡಿಯ ಮುಂದೆ ಬೆಲ್ಲದ ಗಾಡಿಯೊಂದು ನೊಗ ಇಳಿಸಿ ನಿಂತಿತ್ತು. ಆ ನೊಗ ನನ್ನ ಕಾಲಿಗೆ ಸಿಕ್ಕಿತು. ನಾನು ಒಂದು ಕಡೆ, ದೇವರ ಪಾಲು ಒಂದು ಕಡೆ. ಅದು ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ವೀರಬಸಪ್ಪನ ಬಾಗಿಲ ಕೆಳಗಿನ ಕಲ್ಲು ಮೆಟ್ಟಿಲ ಮೇಲೆ, ನಡುಮಧ್ಯಕ್ಕೆ ಬಿದ್ದು ಹೋಳು ಹೋಳಾಯಿತು. ಬಿಳಿ ತಿರುಳು, ಬೀಜ ಎಲ್ಲ ಹೊಸ್ತಿಲವರೆಗೆ ಚೆಲ್ಲಿದವು.

ಡೋಲಕ್ಕು ನಿಂತಿತು. ಹಾಡು ಅರ್ಧ ಸಾಲಿಗೆ ನಿಂತಿತು. ಬೀದಿಗೆ ಬೀದಿಯೇ ನನ್ನ ಬಾಯಿಯನ್ನು ನೋಡಿತು. ನಾನು ಮಣ್ಣಿನಲ್ಲಿ ಕೂತು, ಹಲ್ಲು ಕಚ್ಚಿ, ತುಟಿ ಬಿಗಿದುಕೊಂಡೆ. ಆ ಬಾಗಿಲ ಮುಂದೆ ಆ ಮಾತನ್ನು ಇನ್ನೊಮ್ಮೆ ಆಡುವುದಕ್ಕಿಂತ ನಾಲಗೆ ತುಂಡಾದರೂ ಲೇಸು ಎನಿಸಿತು.

"ಏನ್ ಬಿತ್ತೇ ಅದು?" ಎಂದಳು ಬಸಕ್ಕ.

"ಬೂದುಗುಂಬಳ ಅಜ್ಜಿ. ನಮ್ಮ ಬಾಗಿಲಿಗೆ ಒಡೀತು."

"ಒಡದೋರ್ಯಾರು?"

"ತಿಮ್ಮಣ್ಣ ಮಾವ."

ಬಸಕ್ಕನ ಮುಖ ಅರಳಿತು. "ನಾನು ಹೇಳಿ ಹೇಳಿ ಸಾಕಾಗಿದ್ದೆ. ಹೆತ್ತ ಮಗ ಒಡಸ್ಲಿಲ್ಲ, ತಿಮ್ಮಣ್ಣ ಮೆರವಣಿಗೇಲಿ ತಂದು ಒಡ್ದ ನೋಡು. ತೆಗೀತು ಬಿಡು ನನ್ನ ಕೂಸಿನ ದೃಷ್ಟಿ. ಒಳಗೆ ಕುಂಕುಮ ತುಂಬಿದ್ನೋ ಇಲ್ವೋ?"

"ಕುಂಕುಮ ಇಲ್ಲ ಅಜ್ಜಿ," ಎಂದಳು ನೀಲಾ, ನನ್ನ ಕಾಲನ್ನು ನೋಡುತ್ತ. "ಮಾವನ ಮೊಣಕಾಲು ಐತೆ."

ನಿಜವಾಗಿಯೂ ರಕ್ತ ಇಳಿಯುತ್ತಿತ್ತು. ನಾನು ಪಾದ್ರಿಗಳ ಕಡೆ ನೋಡಿದೆ. ನಾನೊಬ್ಬ ಸತ್ಯ ಕ್ರೈಸ್ತ, ದೇವರ ಕಾಣಿಕೆಯನ್ನು ಬೀದಿಯಲ್ಲಿ ದೃಷ್ಟಿ ತೆಗೆಯಲು ಒಡೆದು ಕೂತಿದ್ದೆ. ಅವರು ಆಕಾಶದ ಕಡೆ ನೋಡುತ್ತಿದ್ದರು. ಅಲ್ಲಿಂದಲೂ ಸೂಚನೆ ಬಂದಂತೆ ಕಾಣಲಿಲ್ಲ.

ಆಗ ನೀಲಾ ಜಗಲಿಯಿಂದ ಒಂದು ಮೆಟ್ಟಿಲು ಇಳಿದು ಬಂದಳು. ನನ್ನ ಮುಖವನ್ನೇ ನೋಡಿದಳು. ನನ್ನ ಬಿಗಿದ ತುಟಿ, ಅದರ ಹಿಂದೆ ನಾನು ಹಿಡಿದಿಟ್ಟಿದ್ದೆಲ್ಲ ಅವಳಿಗೆ ಕಂಡಿರಬೇಕು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದಳು:

"ದೇವರಿಗೆ ಸ್ತೋತ್ರ, ಮಾವ."

ಮೊದಲು ನಕ್ಕವಳು ಅವಳೇ. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ನಗುವಿನದೋ ಬೇರೆಯದೋ. ಅಂಗಡಿಯ ಒಳಗಿನಿಂದ ಕೆಮ್ಮಿನಂಥ ಸದ್ದು ಕೇಳಿಸಿತು. ವೀರಬಸಪ್ಪ ತಕ್ಕಡಿಯ ಹಿಂದೆ ಮುಖ ಮರೆಮಾಡಿಕೊಂಡು ಅಲುಗಾಡುತ್ತಿದ್ದ. ತಕ್ಕಡಿ ಅಷ್ಟು ದೊಡ್ಡದಿರಲಿಲ್ಲ.

ಕೊನೆಗೆ ಎದ್ದು ಹೊರಗೆ ಬಂದ. ಕಣ್ಣು ಒರೆಸಿಕೊಂಡು, ನನ್ನ ರಟ್ಟೆ ಹಿಡಿದು ಎಬ್ಬಿಸಿದ.

"ಸಾವ್ಕಾರ್ರೆ, ಅವತ್ತು ನಾನು..."

"ಗೊತ್ತು ಬಿಡೋ. ಬೆಲ್ಲ ಬೇಕು ಅಂತೀಯ." ನನ್ನ ಅಂಗಿಯ ಮಣ್ಣು ಕೊಡವಿದ. "ನಿಮ್ಮ ದೇವ್ರ ಪಾಲು ನನ್ನ ಮೆಟ್ಟಿಲ ಮೇಲೆ ಬಿತ್ತು. ಮನೆಗೆ ಬಂದದ್ದನ್ನ ಬರಿಗೈಲಿ ಕಳಿಸಬಾರ್ದು." ಒಳಗೆ ಹೋಗಿ, ಇದ್ದುದರಲ್ಲಿ ದೊಡ್ಡ ಬೆಲ್ಲದ ಅಚ್ಚೊಂದನ್ನು ತಂದು ನನ್ನ ತಲೆಯ ಮೇಲಿಟ್ಟ. "ಇದನ್ನ ಹೊತ್ಕೊಂಡು ಹೋಗು. ಬೀಳಿಸಿದ್ರೆ ನನ್ನ ಕೈಗೆ ಸಿಗಬ್ಯಾಡ, ತಿಮ್ಮಣ್ಣ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ಕಾಣಿಕೆ ಯಾವ ಬಾಗಿಲಿನಿಂದ ಬಂದರೂ ಕಾಣಿಕೆಯೇ" ಎಂದರು. ಡೋಲಕ್ಕು ಮತ್ತೆ ಶುರುವಾಯಿತು. ನಾನು ಕುಂಟುತ್ತ ಹೊರಟೆ. ಬೆಲ್ಲದ ವಾಸನೆಗೆ ಇರುವೆಗಳಿಗಿಂತ ಮೊದಲು ನೊಣಗಳು ಬಂದವು.

ಮಧ್ಯಾಹ್ನ ಹರಾಜಿಗೆ ವೀರಬಸಪ್ಪ ಬಂದ. ತನ್ನ ಬೆಲ್ಲಕ್ಕೆ ತಾನೇ ಕೂಗಿದ. ಬೇರೆ ಯಾರೂ ಕೂಗದಿದ್ದಾಗ, ತನ್ನ ಕೂಗಿನ ಮೇಲೆ ಮತ್ತೆ ಕೂಗಿದ. "ಅಂಗಡೀಲಿ ಇದಕ್ಕಿಂತ ಕಮ್ಮಿಗೆ ಸಿಗ್ತಿತ್ತಲ್ರಿ" ಎಂದು ಯಾರೋ ಛೇಡಿಸಿದರೆ, "ಆ ಅಂಗಡಿಯವ್ನು ಕಳ್ಳ. ತಕ್ಕಡಿ ಸರಿಯಿಲ್ಲ" ಎಂದ. ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಹೋಗುವಾಗ ನನ್ನ ಹತ್ತಿರ ನಿಂತು, ಬೇರೆಲ್ಲೋ ನೋಡುತ್ತ, "ಸಂಜೆ ಲೈಟು ತಗೊಂಡು ಬಾ. ಲಾಂದ್ರದ ಬೆಳಕಲ್ಲಿ ಕಣ್ಣು ಹೋದ್ವು" ಎಂದ.

ನೀಲಾಳ ಮುರಿದ ಸಂಬಂಧ ಕೂಡಲಿಲ್ಲ. ಆ ಹುಡುಗ ಸೋದರಮಾವನ ಮಗಳನ್ನೇ ಮದುವೆಯಾದ, ಚೆನ್ನಾಗಿಯೇ ಇದ್ದಾನಂತೆ. ಅದರಲ್ಲಿ ಏನು ಒಳ್ಳೆಯದಿತ್ತೆಂದು ನನಗೆ ಈಗಲೂ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಹಬ್ಬದ ಮಾರನೆಯ ದಿನ ನೀಲಾ ಎಣ್ಣೆಯ ಬಟ್ಟಲು ಹಿಡಿದುಕೊಂಡು ನಮ್ಮ ಹೊಸ್ತಿಲ ಮೇಲೆ ಬಂದು ಕೂತಳು. ನನಗೆ ತಿಳಿದಿರುವುದು ಅಷ್ಟು.

ಹಬ್ಬದ ದಿನ ಮನೆಗೆ ಬಂದಾಗ ಕರುಣಮ್ಮ ಅರಿಶಿನ ಅರೆದು ಇಟ್ಟಿದ್ದಳು. ನನ್ನ ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಗಾಯ ತೊಳೆದಳು.

"ಈಗ ಬೇಕಾದ್ರೆ ಹೇಳಿ" ಎಂದಳು.

"ಏನನ್ನ?"

"ಅದೇ. ಮನೇಲಿ ಯಾರೂ ಇಲ್ಲ. ಬಾಗಿಲೂ ಹಾಕಿದೀನಿ. ಕೇಳಿಸ್ಕೊಳ್ಳೋರು ನಾನು, ಮೇಲಿರೋ ಅವನು."

ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಅವಳು ಗಾಯಕ್ಕೆ ಅರಿಶಿನ ಒತ್ತಿದಳು. ಉರಿಗೆ ಹೊರಟ ಕೂಗು ಎಲ್ಲಿ ಮುಗಿಯಿತು, ಸ್ತೋತ್ರ ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಕೇಳಿಸಿಕೊಂಡವನಿಗೆ ತಿಳಿದಿರಬೇಕು.